ಹೋಲಿಕೆಗೆ ಕೊಟ್ಟ ನಾಲ್ಕು ಮನೆ ನಂಬರು

ಹನ್ನೊಂದು ವರ್ಷಗಳಿಂದ ಈ ಅಂಕಣ ಬರೆಯುತ್ತಿದ್ದೇನೆ. ಇದನ್ನು ಓದಿ ಯಾರೂ ಒಂದು ರಸ್ತೆಗುಂಡಿ ಮುಚ್ಚಿಲ್ಲ. ಒಂದು ಬಸ್ಸೂ ಸಮಯಕ್ಕೆ ಬಂದಿಲ್ಲ. ಅದರ ಬಗ್ಗೆ ನನಗೆ ಬೇಸರವೂ ಇಲ್ಲ. (ನಿಮಗೂ ಇಲ್ಲ, ಗೊತ್ತು.) ಆದರೆ ಕಳೆದ ವರ್ಷ ಎರಡು ಪುಟದ ಒಂದು ಅರ್ಜಿ ಬರೆದೆ. ಅದು ಕೆಲಸ ಮಾಡಿತು. ಬೇಕಾದ್ದಕ್ಕಿಂತ ಹೆಚ್ಚೇ ಮಾಡಿತು.

ಅದರಿಂದ ಒಬ್ಬಳು ಮನೆ ಮಾರಿ ಶಿರಸಿ ಬಿಟ್ಟಳು.

ಇವತ್ತು ಹೇಳಬೇಕಾದ್ದು ಆ ಅರ್ಜಿಯ ಕತೆ. ಜನರ ಹೆಸರು ಬದಲಿಸಿದ್ದೇನೆ. ಆಫೀಸಿನ ಹೆಸರು ಹೇಳುವುದಿಲ್ಲ, ತೆರಿಗೆ ಆಫೀಸು ಎನ್ನುತ್ತೇನೆ, ಅಷ್ಟೆ. ನನ್ನ ಹೆಸರು ಬದಲಿಸಲು ಬರುವುದಿಲ್ಲ. ಅದು ಮೇಲೆಯೇ ಅಚ್ಚಾಗಿದೆ.

ಅನ್ವರ್ ನನ್ನ ಹಳೆಯ ವಿದ್ಯಾರ್ಥಿ. ಯಲ್ಲಾಪುರದ ಹೈಸ್ಕೂಲಿನಲ್ಲಿ ನಾನು ಕನ್ನಡ ಕಲಿಸುತ್ತಿದ್ದಾಗ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ. ಹತ್ತನೇ ಕ್ಲಾಸು ಮುಗಿಸಿ ಅಪ್ಪನ ಲಾರಿ ಹತ್ತಿದವನು ಇವತ್ತು ತಮ್ಮಂದಿರಿಬ್ಬರನ್ನು ಕಟ್ಟಿಕೊಂಡು ಐದು ಲಾರಿ ಓಡಿಸುತ್ತಾನೆ. ನಾನು ರಿಟೈರ್ ಆಗಿ ಶಿರಸಿಗೆ ಬಂದ ಮೇಲೆ, ಅವನೂ ಇಲ್ಲಿಯೇ ಇಸಳೂರಿನ ಕಡೆ ಹೋಗುವ ರಸ್ತೆಯ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿದ.

ಮನೆ ಅಂದರೆ ಎಂಥ ಮನೆ! ಎರಡು ಮಾಳಿಗೆ ಎತ್ತರದ ಕಂಬಗಳು, ಮುಂದೆಲ್ಲ ಗಾಜು, ಕರಿ ಗ್ರಾನೈಟಿನ ಮೆಟ್ಟಿಲು. ಬಸ್ಸಿನಲ್ಲಿ ಹೋಗುವವರು ಕತ್ತು ತಿರುಗಿಸಿ ನೋಡುತ್ತಾರೆ. ಬಡಾವಣೆಯವರು ಅದಕ್ಕೆ ‘ಲಾರಿ ಪ್ಯಾಲೇಸ್’ ಎಂದು ಹೆಸರಿಟ್ಟಿದ್ದಾರೆ. ಒಳಗೆ ಹೋದರೆ ಮೂರು ಸಂಸಾರ, ಒಂದು ಅಡುಗೆಮನೆ, ಒಟ್ಟು ಹದಿನಾಲ್ಕು ಜನ, ಎಲ್ಲರ ಮೇಲೆ ಕಣ್ಣಿಟ್ಟು ಕೂತಿರುವ ತಾಯಿ ಜುಲೇಖಾಬಿ. ತಲೆಗೊಂದು ಕೋಣೆಯೂ ಇಲ್ಲ.

ಕಳೆದ ವರ್ಷ ಆ ಮನೆಗೆ ಹೊಸ ತೆರಿಗೆ ನೋಟಿಸು ಬಂತು. ಹಿಂದಿನದರ ಮೂರು ಪಟ್ಟು.

ಅನ್ವರ್ ಕಾಗದ ಹಿಡಿದು ನನ್ನ ಮನೆಗೆ ಬಂದ. “ಟೀಚರ್, ನಾನು ಟ್ಯಾಕ್ಸ್ ಕಟ್ಟೂದಿಲ್ಲ ಅಂತ ಹೇಳ್ತಾ ಇಲ್ಲ. ಇದ್ದ ಮನೀಗೆ ಕಟ್ತೇನೆ. ಇಲ್ಲದ ಮನೀಗೆ ಹ್ಯಾಂಗ್ ಕಟ್ಲಿ, ನೀವೇ ಹೇಳ್ರಿ.”

ನೋಡಿದೆ. ಅವನು ಹೇಳಿದ್ದು ನಿಜವೇ. ಹೊಸ ಸರ್ವೇಗೆ ಬಂದವರು ಹಿತ್ತಿಲಲ್ಲಿ ಲಾರಿ ನಿಲ್ಲಿಸುವ ತಗಡಿನ ಮಾಡನ್ನೂ ಮನೆಯೆಂದು ಅಳೆದಿದ್ದರು. ಗೇಟಿಗೆ ಲಾರಿ ಸರ್ವಿಸಿನ ಫೋನ್ ನಂಬರಿನ ಬೋರ್ಡಿತ್ತಲ್ಲ, ಅದನ್ನು ನೋಡಿ ಕೆಳಗಿನ ಮಾಳಿಗೆ ಪೂರ್ತಿ ‘ವಾಣಿಜ್ಯ’ ಎಂದು ಬರೆದುಕೊಂಡಿದ್ದರು. ಆ ‘ವಾಣಿಜ್ಯ’ದಲ್ಲಿ ಜುಲೇಖಾಬಿಯ ಮಂಚವಿದೆ. ಷರಾದಲ್ಲಿ ಒಂದೇ ಪದ: ‘ಐಷಾರಾಮಿ’.

ಈಗ ಒಂದು ಮಾತು. ದೊಡ್ಡ ಮನೆಯವನಿಗೆ ತೆರಿಗೆ ಜಾಸ್ತಿ ಬಂತು ಎಂದರೆ ನಮಗೆ ಕನಿಕರ ಹುಟ್ಟುತ್ತದೆಯೇ? ಇಲ್ಲ. ಕಟ್ಟಲಿ ಬಿಡು, ಕಟ್ಟುವಷ್ಟು ಉಂಟಲ್ಲ ಎನ್ನುತ್ತೇವೆ. ನಾನೂ ಹಾಗೆ ಅಂದವಳೇ. ಆದರೆ ತಪ್ಪು ಅಳತೆ ದೊಡ್ಡ ಮನೆಗಾದರೂ ತಪ್ಪೇ, ಸಣ್ಣ ಮನೆಗಾದರೂ ತಪ್ಪೇ. ಅಲ್ಲದೆ ಕೇಳಿದವನು ನನ್ನ ವಿದ್ಯಾರ್ಥಿ.

“ಬರೆದುಕೊಡ್ತೇನೆ” ಅಂದೆ.

ಅರ್ಜಿ ಬರೆಯುವುದು ನನ್ನ ಚಟ. ಕರೆಂಟು, ಪಿಂಚಣಿ, ರೇಷನ್ ಕಾರ್ಡು, ಯಾವುದೇ ಇರಲಿ, ಓಣಿಯವರು ನನ್ನಲ್ಲಿಗೆ ಬರುತ್ತಾರೆ. ಅವರು ಬರುವುದು ನನಗೆ ಹಿತ ಎನ್ನುವುದನ್ನೂ ಮುಚ್ಚಿಡುವುದಿಲ್ಲ. ಅವತ್ತು ಎರಡು ತಾಸು ಕೂತು ಬರೆದೆ. ಮೊದಲ ಅಂಶ, ತಗಡಿನ ಮಾಡು ಮನೆಯಲ್ಲ. ಎರಡನೇ ಅಂಶ, ಫೋನ್ ನಂಬರಿನ ಬೋರ್ಡು ಅಂಗಡಿಯಲ್ಲ. ಆಮೇಲೆ ಒಂದು ವಾಕ್ಯ ತಾನಾಗಿ ಬಂತು: ‘ಮನೆಯನ್ನು ಅಳೆಯಬೇಕಾದ್ದು ಟೇಪಿನಿಂದ, ರಸ್ತೆಯಲ್ಲಿ ನಿಂತು ನೋಡುವ ಕಣ್ಣಿನಿಂದಲ್ಲ.’

ಎಷ್ಟು ಚೆನ್ನಾಗಿದೆ ಅನ್ನಿಸಿತು. ಜೋರಾಗಿ ಓದಿಯೂ ಓದಿದೆ.

ಅಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ಎರಡು ಅಂಶಕ್ಕೇ ಕೇಸು ಗೆಲ್ಲುತ್ತಿತ್ತು. ಆದರೆ ನನಗೆ ಬಿಗಿ ಸಾಲಲಿಲ್ಲ. ಆಫೀಸಿನ ವೆಬ್‌ಸೈಟಿನಲ್ಲಿ ಆ ರಸ್ತೆಯ ಮನೆಗಳ ತೆರಿಗೆ ಪಟ್ಟಿ ಇತ್ತು. ತೆಗೆದು ನೋಡಿದೆ. ಹೊರಗಿನಿಂದ ಅನ್ವರನ ಮನೆಯಷ್ಟೇ ದೊಡ್ಡದಾಗಿ ಕಾಣುವ, ಅವನಿಗಿಂತ ಬಹಳ ಕಡಿಮೆ ಕಟ್ಟುವ ನಾಲ್ಕು ಮನೆಗಳು ಸಿಕ್ಕವು. ಮೂರನೇ ಅಂಶ ಬರೆದೆ. ‘ಇದೇ ರಸ್ತೆಯ ಈ ಕೆಳಗಿನ ಮನೆಗಳಿಗೆ ಹೋಲಿಸಿದಲ್ಲಿ ತಾರತಮ್ಯ ಎದ್ದು ಕಾಣುತ್ತದೆ. ಎಲ್ಲರಿಗೂ ಒಂದೇ ಮಾನದಂಡ ಅನ್ವಯಿಸಬೇಕಾಗಿ ವಿನಂತಿ.’ ಕೆಳಗೆ ನಾಲ್ಕು ಮನೆ ನಂಬರು.

ಸಹಿ ಹಾಕಲು ಬಂದ ಅನ್ವರ್ ಓದುತ್ತ ಆ ನಂಬರುಗಳಿಗೆ ಬಂದು ನಿಂತ.

“ಟೀಚರ್, ಇದು ವಿಶಾಲಕ್ಕನ ಮನಿ ನಂಬರು.”

“ಗೊತ್ತು.”

“ಪಕ್ಕದ ಮನಿಯವರು ಟೀಚರ್. ಇದು ಬ್ಯಾಡ.”

“ಹೆಸರು ಎಲ್ಲಿ ಹಾಕಿದ್ದೇನೆ? ಬರೀ ನಂಬರು. ಹೋಲಿಕೆ ಇಲ್ಲದೆ ತಾರತಮ್ಯ ಅಂತ ಹೇಗೆ ತೋರಿಸ್ತೀಯ?”

ಅವನು ಪೆನ್ನಿನ ಮುಚ್ಚಳ ತೆಗೆದ. “ನೀವು ಹೇಳಿದ ಮೇಲೆ ಮುಗೀತು” ಅಂದ. ಸಹಿ ಹಾಕಿದ.

ಹೌದು. ನನಗೆ ಗೊತ್ತಿತ್ತು. ವಿಶಾಲಾಕ್ಷಿ ನನಗೆ ಹೊಸಬಳಲ್ಲ. ಆರು ವರ್ಷದಿಂದ ನನ್ನ ಬ್ಲೌಸು ಹೊಲಿಯುತ್ತಿದ್ದವಳು ಅವಳೇ. ಆ ಪಟ್ಟಿಯಲ್ಲಿ ಅವಳ ನಂಬರನ್ನು ಬಿಡಬಹುದಿತ್ತು. ಬಿಡಲಿಲ್ಲ, ಯಾಕೆಂದರೆ ಪಟ್ಟಿಗೆ ಜೀವ ಬರುತ್ತಿದ್ದುದೇ ಆ ನಂಬರಿನಿಂದ. ಪಕ್ಕಪಕ್ಕದ ಎರಡು ದೊಡ್ಡ ಮನೆ, ಒಂದಕ್ಕೆ ಅಷ್ಟು, ಇನ್ನೊಂದಕ್ಕೆ ಇಷ್ಟೇ. ಯಾವ ಅಧಿಕಾರಿಯೂ ತಳ್ಳಿಹಾಕಲಾರ. ಹಾಗೆ ಯೋಚಿಸಿದೆ.

ಈಗ ಆ ಮನೆಯ ವಿಷಯ ಹೇಳಬೇಕು.

ವಿಶಾಲಾಕ್ಷಿಯ ಗಂಡ ಗಣಪತಿ ಮನೆ ಕಟ್ಟಿಸುವ ಕಂಟ್ರಾಕ್ಟರ್. ಊರಿಗೆಲ್ಲ ಮನೆ ಕಟ್ಟಿದವನು, ತನ್ನ ಮನೆ ಸ್ಯಾಂಪಲ್ ಇದ್ದ ಹಾಗೆ ಇರಬೇಕು, ನೋಡಿದವರು ಕೆಲಸ ಕೊಡಬೇಕು ಎಂದು ದೊಡ್ಡದಾಗಿಯೇ ಎಬ್ಬಿಸಿದ. ಕೆಳಗಿನ ಮಾಳಿಗೆಯ ಹಾಲಿಗೆ ಬಿಳಿ ಮಾರ್ಬಲ್, ಸಾಗವಾನಿಯ ಕೈಹಿಡಿ ಇರುವ ಮೆಟ್ಟಿಲು. ಮೇಲಿನ ಮಾಳಿಗೆಯ ಸ್ಲ್ಯಾಬು ಹಾಕಿ, ಗೋಡೆ ಎಬ್ಬಿಸಿದ್ದ. ಅಷ್ಟರಲ್ಲಿ ಬೇರೆಯವರ ಕಟ್ಟಡದ ಸಾರುವೆಯಿಂದ ಜಾರಿ ಬಿದ್ದ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದು ಹೋಗಿಬಿಟ್ಟ. ಹೆಣವನ್ನು ಊರಿಗೆ ತಂದದ್ದು ಅನ್ವರ್. ತನ್ನದೇ ಗಾಡಿಯಲ್ಲಿ, ತಾನೇ ಓಡಿಸಿಕೊಂಡು ಬಂದ.

ಮೇಲಿನ ಮಾಳಿಗೆ ಹಾಗೆಯೇ ಉಳಿಯಿತು. ಗೋಡೆಗೆ ಸಿಮೆಂಟಿನ ಗಿಲಾಯಿ ಇಲ್ಲ, ಕಿಟಕಿ ಇಲ್ಲ, ವೈರಿಂಗ್ ಇಲ್ಲ. ಸಾಗವಾನಿ ಮೆಟ್ಟಿಲು ಹತ್ತಿ ಹೋದರೆ ಪಾರಿವಾಳದ ಹಿಕ್ಕೆ. ರಸ್ತೆಯ ಕಡೆಗೆ ಮಾತ್ರ ಗಣಪತಿ ಮೊದಲೇ ಮುಂಭಾಗದ ಎಲಿವೇಶನ್ ಮುಗಿಸಿ ಬಣ್ಣ ಹೊಡೆಸಿದ್ದ. ರಸ್ತೆಯಿಂದ ನೋಡಿದರೆ ಬಂಗಲೆ.

ಕೆಳಗಿನ ಹಾಲಿನಲ್ಲಿ ವಿಶಾಲಾಕ್ಷಿ ಮೂರು ಹೊಲಿಗೆ ಮಷಿನು ಇಟ್ಟುಕೊಂಡಳು. ಬ್ಲೌಸು ಹೊಲಿಯುತ್ತಿದ್ದಳು, ಮಧ್ಯಾಹ್ನ ಐದಾರು ಹೆಂಗಸರಿಗೆ ಹೊಲಿಗೆ ಕಲಿಸುತ್ತಿದ್ದಳು. ಮಗಳು ಮೇಘನಾ ಡಿಗ್ರಿ ಕಾಲೇಜಿಗೆ ಹೋಗುತ್ತಿದ್ದಳು. ಎರಡು ಮನೆಗಳ ಮಧ್ಯದ ಕಂಪೌಂಡಿನಲ್ಲಿ ಒಬ್ಬರು ದಾಟುವಷ್ಟು ಸಂದಿ ಬಿಟ್ಟಿದ್ದರು. ಜುಲೇಖಾಬಿ ದಿನಕ್ಕೆ ನಾಲ್ಕು ಸಲ ಆ ಸಂದಿಯಲ್ಲಿ ದಾಟಿ ಬಂದು ಮಷಿನಿನ ಪಕ್ಕ ಕೂತು ಗುಂಡಿ ಹಚ್ಚಿಕೊಡುತ್ತಿದ್ದರು. ಪಾರಿವಾಳದ ಮೇಲೆ ಇಬ್ಬರೂ ಸೇರಿ ಸಿಟ್ಟು ಮಾಡುತ್ತಿದ್ದರು.

ಅರ್ಜಿ ಕೊಟ್ಟು ತಿಂಗಳ ಮೇಲೆ ಅಧಿಕಾರಿ ಖುದ್ದು ಟೇಪು ಹಿಡಿದು ಬಂದರು. ಅನ್ವರನ ತಗಡಿನ ಮಾಡು ಲೆಕ್ಕದಿಂದ ಹೋಯಿತು. ವಾಣಿಜ್ಯ ಹೋಯಿತು. ಅವನು ಜೋಯಿಡಾ ಜೇನುತುಪ್ಪದ ಬಾಟಲಿ ಹಿಡಿದು ಬಂದ. ನಾನು ಗೆದ್ದೆ ಅಂದುಕೊಂಡೆ.

ಹದಿನೈದು ದಿನದೊಳಗೆ ಆ ನಾಲ್ಕೂ ಮನೆಗಳಿಗೆ ನೋಟಿಸು ಹೋಯಿತು.

ಎಲ್ಲರಿಗೂ ಒಂದೇ ಮಾನದಂಡ ಎಂದು ನಾನೇ ಕೇಳಿದ್ದೆನಲ್ಲ? ಮೂವರು ಹೇಗೋ ಬಗೆಹರಿಸಿಕೊಂಡರು. ಒಬ್ಬರು ಡಾಕ್ಟರು, ಕಟ್ಟಿ ಮುಗಿಸಿದರು. ಒಬ್ಬರು ರಿಟೈರ್ಡ್ ಆಫೀಸರು, ಎಲ್ಲೆಲ್ಲಿ ಫೋನ್ ಮಾಡಬೇಕೋ ಅಲ್ಲಿ ಮಾಡಿದರು. ಇನ್ನೊಬ್ಬರು ಅಡಿಕೆ ವ್ಯಾಪಾರಿ. ಅವರು ಏನು ಮಾಡಿದರು ಎಂದು ನಾನು ಕೇಳಲಿಲ್ಲ, ಕೇಳುವ ಅಗತ್ಯವೂ ಇಲ್ಲ.

ವಿಶಾಲಾಕ್ಷಿಯ ಮನೆಯ ಎರಡೂ ಮಾಳಿಗೆ ಅಳೆದಿದ್ದರು. ಮೇಲಿನದು ‘ವಾಸಯೋಗ್ಯ’. ಕೆಳಗಿನ ಹಾಲು, ಮೂರು ಮಷಿನಿನ ದೆಸೆಯಿಂದ, ‘ವಾಣಿಜ್ಯ’. ಮನೆ ಎಬ್ಬಿಸಿದ ವರ್ಷದಿಂದ ಇಲ್ಲಿಯವರೆಗಿನ ವ್ಯತ್ಯಾಸ ಮತ್ತು ಅದರ ಮೇಲಿನ ದಂಡ. ಅವಳು ವರ್ಷವಿಡೀ ಹೊಲಿದರೂ ಆಗುವಂಥ ಮೊತ್ತವಲ್ಲ.

ಅವಳು ಒಬ್ಬಳೇ ಆಫೀಸಿಗೆ ಹೋದಳು. ನನ್ನ ಮನೆಯೇ ಯಾಕೆ ಕಣ್ಣಿಗೆ ಬಿತ್ತು ಎಂದು ಕೇಳಿದಳಂತೆ. ಅಲ್ಲಿದ್ದವರು ಫೈಲು ತಿರುಗಿಸಿ ತೋರಿಸಿದರು. ನಾಲ್ಕು ನಂಬರು, ಕೆಳಗೆ ಅನ್ವರನ ಸಹಿ.

ಮರುದಿನ ಬೆಳಿಗ್ಗೆ ಅವಳು ಕರೆಸಿದ ಗೌಂಡಿ ಬಂದು ಕಂಪೌಂಡಿನ ಸಂದಿಗೆ ಕಲ್ಲು ಇಟ್ಟ. ಅವಳ ಮನೆಯ ನಲ್ಲಿಗೆ ಅವತ್ತು ನೀರು ಬಂದಿರಲಿಲ್ಲ. ಸಿಮೆಂಟು ಕಲಸಲು ನೀರು ಬೇಕೆಂದು ಗೌಂಡಿ ಪಕ್ಕದ ಮನೆಯಲ್ಲಿ ಕೇಳಿದ. ಜುಲೇಖಾಬಿಗೆ ಏನು ಕಟ್ಟುತ್ತಿದ್ದಾರೆಂದು ಗೊತ್ತಿರಲಿಲ್ಲ. ಎರಡು ಕೊಡ ನೀರು ಕೊಟ್ಟರು.

ಇದನ್ನೆಲ್ಲ ನನಗೆ ಹೇಳಿದ್ದು ಅನ್ವರ್. ಜಗಲಿಯ ತುದಿಗೆ ಕೂತು, ನೆಲ ನೋಡುತ್ತ ಹೇಳಿದ.

“ಟೀಚರ್, ಹೋಗಿ ಕಾಲು ಹಿಡೀಲಿಕ್ಕೂ ತಯಾರಿದ್ದೆ. ಬಾಗಿಲು ತೆಗೀಲಿಲ್ಲ. ಅಮ್ಮಿ ಊಟ ಬಿಟ್ಟು ಕೂತಾಳ.” ಆಮೇಲೆ ತಲೆ ಎತ್ತದೆಯೇ ಹೇಳಿದ: “ನಿಮ್ಮ ಹೆಸರು ನಾನು ಹೇಳಿಲ್ಲ. ಹೇಳೂದೂ ಇಲ್ಲ.”

ಆಗ ನನಗೆ ಏನನ್ನಿಸಿತು ಗೊತ್ತೇ? ನಾಚಿಕೆ ಅಲ್ಲ. ದುಃಖವೂ ಅಲ್ಲ. ಅವೆಲ್ಲ ಆಮೇಲೆ ಬಂದವು. ಮೊದಲು ಬಂದದ್ದು ನೆಮ್ಮದಿ. ಸದ್ಯ, ನನ್ನ ಹೆಸರಿಲ್ಲ!

(ಮೂವತ್ತು ವರ್ಷ ಮಕ್ಕಳಿಗೆ ಪಾಠ ಮಾಡಿದವಳು.)

ಅದಾದ ಒಂದು ವಾರಕ್ಕೆ ವಿಶಾಲಾಕ್ಷಿಯೇ ಫೋನ್ ಮಾಡಿದಳು, ಬ್ಲೌಸು ರೆಡಿ ಇದೆ ಎಂದು. ಹೋಗದಿದ್ದರೆ ಅನುಮಾನ ಬಂದೀತು ಎಂದು ಹೋದೆ. ಅವಳು ಎಂದಿನ ಹಾಗೆಯೇ ನಮ್ಮಿಬ್ಬರ ಮನೆಮಾತಿನಲ್ಲಿ, “ಬಾ ಅಕ್ಕಯ್ಯ, ಆಸ್ರಿಗೆ ಎಂತ ಬೇಕು?” ಅಂದಳು. ಕೂತೆ. ಕೋಕಂ ಕುಡಿದೆ. ಕಿಟಕಿಯಿಂದ ಹೊಸ ಕಲ್ಲು ಕಾಣುತ್ತಿತ್ತು.

“ಅಂವ ಹಿಂಗೆ ಮಾಡ್ಬಿಟ್ನಲೆ, ಅಕ್ಕಯ್ಯ. ಇವ್ರ ಹೆಣ ತಂದು ಕೊಟ್ಟ ಮನಷ. ಯಂಗೆ ನಂಬಲೇ ಆಗ್ತಿಲ್ಲೆ” ಅಂದಳು. “ಮೇಲೆ ಕಿಟಕಿ ಇಲ್ಲೆ, ಬಾಗಿಲಿಲ್ಲೆ, ಪಾರಿವಾಳ ಇಪ್ಪುದು. ಅದು ಮನೆ ಹೆಂಗೆ ಆಗ್ತು?”

ನಾನು ಖಾಲಿ ಲೋಟ ಕೆಳಗಿಟ್ಟೆ.

“ಇನ್ನೊಂದು ವಿಚಾರಣೆ ಇದ್ದಡ. ಬರೆದು ಕೊಡವಡ. ನಿಂಗೆ ಚೊಲೋ ಬರ್ಯಲೆ ಬತ್ತು. ಒಂದು ಅರ್ಜಿ ಬರ್ದು ಕೊಡ್ತ್ಯಾ?”

“ಕೊಡ್ತೆ” ಅಂದೆ.

ಆ ಹೊತ್ತಿಗೆ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಈ ಅರ್ಜಿಯಿಂದ ಅದನ್ನು ತೊಳೆದುಬಿಡುತ್ತೇನೆ, ಅವಳ ತೆರಿಗೆ ಇಳಿಸಿದ ಮೇಲೆ ಹೇಳಿದರಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮನೆಗೆ ಬಂದು ಬರೆದೆ. ಇಡೀ ದಿನ ಬರೆದೆ. ಮೇಲಿನ ಮಾಳಿಗೆಯ ಫೋಟೊ ಹಚ್ಚಿದೆ. ಕರೆಂಟಿನ ಬಿಲ್ಲು ಹಚ್ಚಿದೆ. ಹೊಲಿಗೆ ಕಲಿಸುವುದು ಅಂಗಡಿಯಲ್ಲ, ಜೀವನೋಪಾಯ ಎಂದು ವಾದಿಸಿದೆ. ನನ್ನ ಶಕ್ತಿಯನ್ನೆಲ್ಲ ಹಾಕಿದೆ.

ವಿಚಾರಣೆಯ ದಿನ ಅವಳನ್ನು ನನ್ನ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋದೆ. ಅವಳು ಇದ್ದುದರಲ್ಲೇ ಒಳ್ಳೆಯ ಸೀರೆ ಉಟ್ಟಿದ್ದಳು. ಸಿದ್ದಾಪುರದ ತವರಿನವರು ತೆಗೆದುಕೊಟ್ಟಿದ್ದಂತೆ. ಆಫೀಸಿನ ಬೆಂಚಿನಲ್ಲಿ ಒಂದೂವರೆ ತಾಸು ಕೂತೆವು. ಕರೆದಾಗ ಇಬ್ಬರೂ ಒಳಗೆ ಹೋದೆವು.

ಅಧಿಕಾರಿ ಹಾವೇರಿ ಕಡೆಯವರು. ಕೆಟ್ಟವರಲ್ಲ. “ಬರ್ರಿ, ಕೂಡ್ರಿ” ಎಂದು ಕುರ್ಚಿ ತೋರಿಸಿದರು. ಅರ್ಜಿಯನ್ನು ಪೂರ್ತಿ ಓದಿದರು. (ಪೂರ್ತಿ ಓದುವ ಅಧಿಕಾರಿ ಎಷ್ಟು ಜನ ಸಿಗುತ್ತಾರೆ?) ಫೋಟೊ ನೋಡಿದರು. ಎರಡನೇ ಪುಟದ ಕೊನೆಗೆ ಬಂದಾಗ ನಿಂತರು. ಹಿಂದಕ್ಕೆ ಒರಗಿದರು. ಆಮೇಲೆ ಎದ್ದು ಕಪಾಟಿನಿಂದ ಇನ್ನೊಂದು ಫೈಲು ತೆಗೆದು, ಬೇಕಾದ ಪುಟ ಹುಡುಕಿ, ಎರಡನ್ನೂ ಟೇಬಲ್ಲಿನ ಮೇಲೆ ಪಕ್ಕಪಕ್ಕ ಇಟ್ಟರು.

“ಮೇಡಮ್ಮಾರ, ಈ ಮಾತು ನಾ ಮೊದಲ ಓದೀನಲ್ರೀ” ಅಂದರು. ಬೆರಳಿಟ್ಟು ಓದಿದರು: “ಮನೆಯನ್ನು ಅಳೆಯಬೇಕಾದ್ದು ಟೇಪಿನಿಂದ, ರಸ್ತೆಯಲ್ಲಿ ನಿಂತು ನೋಡುವ ಕಣ್ಣಿನಿಂದಲ್ಲ.”

ಬೆರಳು ಪಕ್ಕದ ಕಾಗದಕ್ಕೆ ಹೋಯಿತು. ಅದೇ ವಾಕ್ಯ. ಅಕ್ಷರ ಬಿಡದೆ ಅದೇ.

ಬರೆಯುವಾಗ ನನಗೆ ಹೊಳೆಯಲೇ ಇಲ್ಲ. ಚೆಂದದ ವಾಕ್ಯ, ಕೈಗೆ ಸಿಕ್ಕಿತು, ಹಾಕಿದೆ. ನಮ್ಮಂಥವರ ಹಣೆಬರಹವೇ ಇಷ್ಟು. ಸುಳ್ಳು ಹೇಳಿ ದಕ್ಕಿಸಿಕೊಳ್ಳುತ್ತೇವೆ, ಒಳ್ಳೆಯ ವಾಕ್ಯವನ್ನು ಬಿಡಲಾರದೆ ಸಿಕ್ಕಿಬೀಳುತ್ತೇವೆ.

ಅಧಿಕಾರಿ ನನ್ನನ್ನು ಕುಟುಕಲಿಲ್ಲ. ಅವರಿಗೆ ಸೋಜಿಗ, ಅಷ್ಟೆ. “ಎರಡೂ ನೀವ ಬರದೀರೇನ್ರಿ? ಅದರಾಗ ಎಲ್ಲಾರಿಗೂ ಒಂದ ಮಾನದಂಡ ಹಾಕ್ರಿ ಅಂತ ನೀವ ಕೇಳೀರಿ. ನಾವು ಹಾಕೇವಿ. ಇದರಾಗ ಈ ಮನಿಗೆ ಹಾಕಬ್ಯಾಡ್ರಿ ಅಂತೀರಿ. ನಾ ಯಾವುದನ್ನ ಕೇಳ್ಲಿ?”

ವಿಶಾಲಾಕ್ಷಿ ಎರಡು ಕಾಗದಗಳನ್ನೂ ತನ್ನ ಕಡೆ ತಿರುಗಿಸಿಕೊಂಡಳು. ನಿಧಾನವಾಗಿ ಓದಿದಳು. ಓದಿ ಮುಗಿಸಿದ ಮೇಲೆ ಅಧಿಕಾರಿಗೆ ನಮಸ್ಕಾರ ಹೇಳಿ ಎದ್ದಳು.

ಹೊರಗಿನ ಬೆಂಚಿನ ಹತ್ತಿರ ನಾನೇ ಅವಳ ಕೈ ಹಿಡಿದು ನಿಲ್ಲಿಸಿದೆ.

“ವಿಶಾಲೂ, ಅದು ಆನೇ ಬರ್ದದ್ದು. ಅಂವ ನಿನ್ನ ನಂಬರು ಬೇಡ ಹೇಳಿದ್ದ. ಆನೇ ಹಾಕ್ಸಿದ್ದು. ಅಂವಂದು ತಪ್ಪಿಲ್ಲೆ.”

ಅವಳು ಕೈ ಬಿಡಿಸಿಕೊಂಡಳು. ಸಿಟ್ಟಿನಿಂದಲ್ಲ, ಬಟ್ಟೆಯಿಂದ ದಾರ ತೆಗೆಯುವ ಹಾಗೆ.

“ನಿಮ್ಮ ಅರ್ಜಿಯಿಂದಲೇ ನನಗೆ ನೋಟಿಸು ಬಂತು ಎಂದು ನಿಮಗೆ ಯಾವಾಗಿನಿಂದ ಗೊತ್ತಿತ್ತು?”

ಆರು ವರ್ಷದಲ್ಲಿ ಅವಳು ನನ್ನ ಹತ್ತಿರ ಮನೆಮಾತು ಬಿಟ್ಟು ಬೇರೆ ಮಾತಾಡಿದ್ದಿಲ್ಲ. ‘ನೀವು’ ಅಂದದ್ದಿಲ್ಲ. ಈಗ ಬ್ಯಾಂಕಿನ ಕೌಂಟರಿನಲ್ಲಿ ಮಾತಾಡುವ ಕನ್ನಡ.

“ಮೂರು ವಾರದಿಂದ.”

“ಬ್ಲೌಸು ತೆಗೆದುಕೊಂಡು ಹೋಗಲು ಬಂದಿದ್ದಿರಲ್ಲ, ಆಗಲೂ?”

“ಹೌದು.”

“ಸರಿ. ನೀವು ಹೊರಡಿ ಮೇಡಂ. ನಾನು ಬಸ್ಸಿಗೆ ಹೋಗುತ್ತೇನೆ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅತ್ತಿದ್ದರೆ ನಾನೂ ಅತ್ತು ಹಗುರಾಗುತ್ತಿದ್ದೆ. ಅವಳು ಅದಕ್ಕೆಲ್ಲ ಅವಕಾಶವನ್ನೇ ಕೊಡಲಿಲ್ಲ. ಫೈಲು ಎದೆಗೆ ಅವಚಿಕೊಂಡು ಗೇಟು ದಾಟಿ ಹೋದಳು. ನಾನು ಸ್ಕೂಟರಿನ ಹತ್ತಿರ ಎಷ್ಟು ಹೊತ್ತು ನಿಂತಿದ್ದೆನೋ, ಕಾವಲಿನವನು ಬಂದು “ಅಮ್ಮ, ಹುಷಾರಿಲ್ವಾ?” ಎಂದು ಕೇಳಿದ.

ಆಮೇಲಿನದು ಬೇಗ ಮುಗಿಯಿತು. ಅರ್ಜಿಯಿಂದ ದಂಡದ ಸ್ವಲ್ಪ ಭಾಗ ಮಾತ್ರ ಕಡಿಮೆಯಾಯಿತು. ಮೇಲಿನ ಕಚೇರಿಗೆ ಹೋಗಬೇಕಾದರೆ ಮೊದಲು ಬೇಡಿಕೆಯ ಒಂದು ಪಾಲು ಕಟ್ಟಿ ಹೋಗಿ ಎಂದರಂತೆ. ಕಟ್ಟಲು ಇದ್ದಿದ್ದರೆ ಮೇಲಿನ ಕಚೇರಿಗೆ ಯಾಕೆ ಹೋಗಬೇಕಿತ್ತು? ಅನ್ವರ್ ಆ ಮೊತ್ತವನ್ನು ತಾನೇ ಕಟ್ಟುತ್ತೇನೆಂದು ಮೇಘನಾಳ ಹತ್ತಿರ ಹೇಳಿಸಿದ. ನಾನೂ ಹೇಳಿಸಿದೆ. ಇಬ್ಬರಿಗೂ ಒಂದೇ ಉತ್ತರ ಬಂತು: ಬೇಡ.

ನಾಲ್ಕು ತಿಂಗಳಲ್ಲಿ ಮನೆ ಮಾರಾಟವಾಯಿತು. ಕೊಂಡವರು ಪಟ್ಟಿಯಲ್ಲಿದ್ದ ಆ ಅಡಿಕೆ ವ್ಯಾಪಾರಿ. ತೆರಿಗೆ ಬಾಕಿ ತೀರದೆ ಖಾತೆ ಬದಲಾಗುವುದಿಲ್ಲವಲ್ಲ, ಅದನ್ನು ಮುರಿದುಕೊಂಡು, ‘ಅರ್ಧ ಕಟ್ಟಿದ ಮನೆ’ ಎಂದು ಇನ್ನಷ್ಟು ಮುರಿದುಕೊಂಡು, ಉಳಿದದ್ದು ಕೊಟ್ಟರು. ನೋಡಿ, ತೆರಿಗೆ ಹಾಕುವಾಗ ಅದು ಪೂರ್ತಿ ಮನೆ. ಮಾರುವಾಗ ಅರ್ಧ ಮನೆ. ಎರಡು ಸಲವೂ ಕಳೆದುಕೊಂಡವಳು ಒಬ್ಬಳೇ.

ವಿಶಾಲಾಕ್ಷಿ ಈಗ ಸಿದ್ದಾಪುರದಲ್ಲಿದ್ದಾಳೆ. ಒಂದು ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಒಂದು ಮಷಿನು. ಇನ್ನೆರಡನ್ನು ಇಡಲು ಜಾಗವಿಲ್ಲದೆ ಕೊಟ್ಟುಬಿಟ್ಟಳಂತೆ. ಮೇಘನಾ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಶಿರಸಿಗೆ ಬಂದು ಹೋಗುತ್ತಾಳೆ. ಬಸ್‌ಸ್ಟ್ಯಾಂಡಿನಲ್ಲಿ ಎರಡು ಸಲ ಸಿಕ್ಕಳು. ಇದನ್ನೆಲ್ಲ ಬರೆಯಲೇ ಎಂದು ಅಮ್ಮನನ್ನು ಕೇಳು ಅಂದೆ. ಮರುವಾರ ಉತ್ತರ ತಂದಳು.

“ಬರೀಲಿ ಅಂದ್ಲು ಅಮ್ಮ. ನಮ್ದಷ್ಟೇ ಅಲ್ಲ, ತಾವು ಮಾಡಿದ್ದೂ ಬರೀಲಿ ಅಂದ್ಲು.”

ಬರೆದಿದ್ದೇನೆ. ಇದರಿಂದ ಅವಳಿಗೆ ಏನೂ ಸಿಗುವುದಿಲ್ಲ ಎಂದು ನನಗೂ ಗೊತ್ತು, ಅವಳಿಗೂ ಗೊತ್ತು.

ಅನ್ವರ್ ನನ್ನ ಮನೆಗೆ ಬರುವುದನ್ನು ಬಿಟ್ಟಿಲ್ಲ. ಆದರೆ ಮೊದಲಿನಷ್ಟು ಹೊತ್ತು ಕೂರುವುದಿಲ್ಲ. ಒಂದು ದಿನ ನಾನೇ ಕೇಳಿದೆ, ಅವತ್ತು ನೀನು ಗಟ್ಟಿಯಾಗಿ ಬೇಡ ಅನ್ನಬಾರದಿತ್ತೇ ಎಂದು. (ಕೇಳುವ ಮುಖ ನನಗಿತ್ತೇ ಎಂದು ನೀವು ಕೇಳಬಹುದು. ಇರಲಿಲ್ಲ. ಆದರೂ ಕೇಳಿದೆ.)

ಅವನು ಹೇಳಿದ: “ನೀವು ಟೀಚರ್. ನಿಮಗೆ ಗೊತ್ತಿರ್ತದ ಅಂದ್ಕೊಂಡೆ.”

ಜುಲೇಖಾಬಿ ಈಗ ಗುಂಡಿ ಹಚ್ಚುವುದಿಲ್ಲ. ಪಕ್ಕದ ಮನೆಯ ಮೇಲಿನ ಮಾಳಿಗೆಗೆ ಕಿಟಕಿ ಬಂದಿದೆ. ಪ್ರವಾಸಿಗರ ಗಾಡಿಗಳು ಬಂದು ನಿಲ್ಲುತ್ತವೆ. ಹೋಮ್‌ಸ್ಟೇ ಅಂತೆ. ಗೇಟಿಗೆ ದೊಡ್ಡ ಬೋರ್ಡೇ ಇದೆ. ತೆರಿಗೆ ಪಟ್ಟಿಯನ್ನು ಮೊನ್ನೆ ವೆಬ್‌ಸೈಟಿನಲ್ಲಿ ನೋಡಿದೆ. ‘ವಾಸದ ಮನೆ’ ಎಂದು ಬರೆದಿದೆ. ಒಂದು ಅರ್ಜಿ ಗೀಚುವ ಎಂದು ಕೈ ಕಡಿಯಿತು. ಲ್ಯಾಪ್‌ಟಾಪ್ ಮುಚ್ಚಿದೆ.

ತೆರಿಗೆಯ ಅನ್ಯಾಯ ಪ್ರಶ್ನಿಸಬಾರದು ಎಂದು ಹೇಳುತ್ತಿಲ್ಲ. ಅನ್ವರನಿಗೆ ಆದದ್ದು ಅನ್ಯಾಯವೇ. ಪ್ರಶ್ನಿಸಲೇಬೇಕಿತ್ತು. ಆದರೆ ನನ್ನ ಮನೆಯ ಅಳತೆ ತಪ್ಪಾಗಿದೆ ಎನ್ನುವುದು ಒಂದು ಮಾತು, ಅವನದು ಯಾಕೆ ಕಡಿಮೆ ಎನ್ನುವುದು ಇನ್ನೊಂದು ಮಾತು. ಮೊದಲನೆಯದು ನಮಗೆ ರುಚಿಸುವುದಿಲ್ಲ. ಎರಡನೆಯದು ಹೇಳುವಾಗ ಎಂಥ ಉತ್ಸಾಹ! ಕಚೇರಿಗೂ ಎರಡನೆಯದೇ ಬೇಕು. ನಮ್ಮದನ್ನು ಇಳಿಸುವುದು ಅವರಿಗೆ ಕಷ್ಟ, ಪಕ್ಕದವರದನ್ನು ಏರಿಸುವುದು ಸಲೀಸು. ಸಮಾನತೆ ಎರಡು ದಾರಿಯಿಂದಲೂ ಬರುತ್ತದೆ. ಯಾವ ದಾರಿಯಿಂದ ಬರುತ್ತದೆ ಎಂದು ಬರೆಯುವವಳು ಯೋಚಿಸಬೇಕಿತ್ತು.

ಹೋದ ವಾರ ಅದೇ ರಸ್ತೆಯ ಇನ್ನೊಬ್ಬ ದೊಡ್ಡ ಮನೆಯವರು ಬಂದಿದ್ದರು. ಕೈಯಲ್ಲಿ ನೋಟಿಸು. ಅವರದೂ ತಪ್ಪು ಅಳತೆಯೇ, ನೋಡಿದೊಡನೆ ಗೊತ್ತಾಯಿತು. “ಅನ್ವರ್ ಸಾಬರ ಕೆಲಸ ನಿಮ್ಮ ಅರ್ಜಿಯಿಂದಲೇ ಆಯ್ತಂತೆ ಮೇಡಂ, ನಂಗೂ ಒಂದು ಬರೆದುಕೊಡಿ” ಅಂದರು. ಬರೆಯುವುದನ್ನು ಬಿಟ್ಟಿದ್ದೇನೆ ಎಂದೆ. ಅವರು ನಂಬಲಿಲ್ಲ. ಅಂಗಿಯ ಜೇಬಿನಿಂದ ಮಡಚಿದ ಚೀಟಿ ತೆಗೆದು ನನ್ನ ಮುಂದೆ ಬಿಡಿಸಿ ಇಟ್ಟರು.

“ನಿಮಗೆ ತೊಂದರೆ ಬೇಡ ಅಂತ ನಾನೇ ಮಾಡಿ ತಂದಿದ್ದೇನೆ. ನನಗಿಂತ ಕಡಿಮೆ ಕಟ್ಟುವ ಒಂಬತ್ತು ಮನೆ.”

ಚೀಟಿ ಮಡಚಿ ವಾಪಸು ಕೊಟ್ಟೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಬರೆದುಕೊಡುವವರಿಗೆ ಈ ಊರಲ್ಲಿ ಬರವಿಲ್ಲ ಎಂದು ಹೇಳಿ, ಚೀಟಿಯನ್ನು ಜೋಪಾನವಾಗಿ ಜೇಬಿಗೆ ಹಾಕಿಕೊಂಡು ಹೋದರು.

ನಿಮ್ಮ ಮನೆ ನಂಬರು ಈಗ ಯಾರ ಜೇಬಿನಲ್ಲಿದೆ, ನಿಮಗೆ ಗೊತ್ತೇ?